ನಕ್ಷೆಯಲ್ಲಿ ನಿಂತ ಕಾರು

ನಮ್ಮ ಭಾವ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಹಾಗಾಗಿ ಅವರಿಗೊಂದು ಕೆಟ್ಟ ಚಾಳಿ. ಪ್ಲಾನಿನಲ್ಲಿ ಗೋಡೆಯ ಪಕ್ಕ ಒಂದು ಮೀಟರ್ ಜಾಗ ಬಿಡಿ ಎಂದಿದ್ದರೆ ಟೇಪು ಹಿಡಿದು, ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಒಂದು ಮೀಟರನ್ನೇ ಬಿಡುತ್ತಾರೆ. ನಿವೃತ್ತಿಯ ದುಡ್ಡೆಲ್ಲ ಸುರಿದು ಬೆಂಗಳೂರಿನ ಅಂಚಿನಲ್ಲಿ ಮೂವತ್ತು-ಐವತ್ತರ ಸೈಟಿನಲ್ಲಿ ಮನೆ ಕಟ್ಟಿದರು. ಗೃಹಪ್ರವೇಶವಾಗಿ ಏಳು ತಿಂಗಳು. ಕಾಯಂ ಕರೆಂಟ್ ಇನ್ನೂ ಬಂದಿಲ್ಲ. ಕಟ್ಟುವಾಗ ತೆಗೆದುಕೊಂಡ ಟೆಂಪರರಿ ಮೀಟರಿನಲ್ಲೇ ಫ್ರಿಜ್ಜು, ಫ್ಯಾನು, ಮಿಕ್ಸಿ, ಅಕ್ಕನ ಸೀರಿಯಲ್ಲು. ಬಿಲ್ಲು ಬಂದ ದಿನ ಭಾವ ಊಟ ಕಮ್ಮಿ ಮಾಡುತ್ತಾರೆ. ಕಾರಣ ನಿಮಗೆಲ್ಲ ಗೊತ್ತಿರುವುದೇ: ಒಸಿ.

ಒಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಮನೆ ಪ್ಲಾನ್ ಪ್ರಕಾರವೇ ಇದೆ, ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ. ಆ ಎರಡಕ್ಷರಕ್ಕೆ ಈ ಕನ್ನಡ ಕೊಟ್ಟ ಪುಣ್ಯಾತ್ಮರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿ ಇದೆ. ಮನೆ ಕಟ್ಟಿ ಮುಗಿಸಿದ ಮೇಲೆ ನಮ್ಮ ಗತಿ ಏನು ಎಂಬುದನ್ನು ಒಂದೇ ಸಮಾಸದಲ್ಲಿ ಹೇಳಿಬಿಟ್ಟಿದ್ದಾರೆ. ಸ್ವಾಧೀನ ಅವರ ಕೈಲಿ, ಅನುಭವ ನಮ್ಮ ಪಾಲಿಗೆ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಈ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬೇಡಿ ಅಂದಿತು. ಒಳ್ಳೆಯ ಮಾತೇ. ಆದರೆ ನಮ್ಮೂರಿನಲ್ಲಿ ಅಷ್ಟರೊಳಗೆ ಕೋಟೆ ಸೂರೆ ಹೋಗಿ ಎಷ್ಟೋ ಕಾಲವಾಗಿತ್ತು, ದಿಡ್ಡಿ ಬಾಗಿಲು ಮಾತ್ರ ಉಳಿದಿತ್ತು. ಅದನ್ನು ಸರಿಯಾಗಿ ಭಾವ ಒಳಗೆ ಕಾಲಿಡುವ ಹೊತ್ತಿಗೆ ಹಾಕಿದರು. ಆಮೇಲೆ ಗಲಾಟೆ ಆಯಿತು, 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಭಾವನದು 1,500. ಆ ಮುನ್ನೂರು ಚದರಡಿಗೆ ಅವರೀಗ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ.

ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಎಲ್ಲ ಕಚೇರಿಯ ಬೆಂಚೂ ಒಂದೇ. ಕೇಸ್ ವರ್ಕರ್ ಫೈಲು ತಿರುವಿ ಹಾಕಿದ, ಫೋಟೋ ನೋಡಿದ, ಮತ್ತೆ ಪ್ಲಾನ್ ನೋಡಿದ.

"ಮೇಷ್ಟ್ರೇ, ಡೆವಿಯೇಶನ್ ಎಷ್ಟಿದೆ?"

"ಇಲ್ಲ ಸ್ವಾಮಿ. ಪ್ಲಾನ್ ಪ್ರಕಾರಾನೇ ಕಟ್ಟಿದೀನಿ."

"ಅದು ಸರಿ. ಎಷ್ಟಿದೆ?"

"ಇಲ್ಲ ಅಂದೆನಲ್ಲ."

ಆತ ಭಾವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಸಿಟ್ಟಿನಿಂದಲ್ಲ, ಊರಿಗೆ ಹೊಸಬರು ಬಂದಾಗ ನೋಡುತ್ತಾರಲ್ಲ, ಹಾಗೆ. ಪ್ಲಾನಿಗಿಂತ ಕೊಂಚ ಆಚೀಚೆ ಡೆವಿಯೇಶನ್ ಇದ್ದರೆ ದಂಡ ಕಟ್ಟಿಸಿಕೊಂಡು ಮುಗಿಸಬಹುದು, ಬೈಲಾದಲ್ಲೇ ಅದಕ್ಕೊಂದು ದಾರಿ ಇದೆ. ಜಾಸ್ತಿ ಇದ್ದರೂ ಅದಕ್ಕೆ ಬೇರೆ ದಾರಿ ಇದೆ, ಅದು ಬೈಲಾದಲ್ಲಿಲ್ಲ. ಏನೂ ಇಲ್ಲ ಎನ್ನುವವನನ್ನು ಏನು ಮಾಡುವುದು? "ಸಾಹೇಬ್ರು ಸ್ಪಾಟ್‌ಗೆ ಬಂದು ನೋಡಬೇಕು" ಅಂದ. ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ. ಆ ಫೀಲ್ಡು ಎಲ್ಲಿದೆ ಎಂದು ಇವತ್ತಿನವರೆಗೆ ಯಾರೂ ಪತ್ತೆ ಮಾಡಿಲ್ಲ. ಅಲ್ಲಿ ಯಾವ ಬೆಳೆ ಬೆಳೆಯುತ್ತಾರೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಬೆಂಚಿನ ಮೇಲೆ ಕೂತು ಮಾಡಲು ಕೆಲಸವಿಲ್ಲದೆ ನಾನು ಭಾವನ ಪ್ಲಾನನ್ನೇ ಬಿಡಿಸಿ ನೋಡುತ್ತಿದ್ದೆ. ಸ್ಯಾಂಕ್ಷನ್ ಪ್ಲಾನನ್ನು ನೀವು ಯಾವತ್ತಾದರೂ ನಿಧಾನವಾಗಿ ಓದಿದ್ದೀರಾ? ಓದಬೇಕು. ಇಷ್ಟು ಒಳ್ಳೆಯ ಕಥಾಸಾಹಿತ್ಯ ಕನ್ನಡದಲ್ಲಿ ಈಚೆಗೆ ಬಂದಿಲ್ಲ. ಇಂಜಿನಿಯರ್ ಹತ್ತಿರ ಮನೆ ಕಟ್ಟಿಸಲು ಹೋದರೆ ಅವರು ಮೊದಲು ಕೇಳುವುದೇ, "ಸ್ಯಾಂಕ್ಷನ್ ಡ್ರಾಯಿಂಗ್ ಬೇಕಾ, ವರ್ಕಿಂಗ್ ಡ್ರಾಯಿಂಗ್ ಬೇಕಾ?" ಎಂದು. ಒಂದು ಕಚೇರಿಗೆ, ಒಂದು ಮೇಸ್ತ್ರಿಗೆ. ಎರಡರಲ್ಲೂ ಸಮಾನವಾಗಿರುವುದು ಸೈಟ್ ನಂಬರು, ಮಾಲೀಕರ ಹೆಸರು ಮತ್ತು ಉತ್ತರ ದಿಕ್ಕು. ಉತ್ತರ ದಿಕ್ಕನ್ನೂ ಬದಲಾಯಿಸುತ್ತಿದ್ದರೇನೋ, ವಾಸ್ತುವಿನವರು ಬಿಡುವುದಿಲ್ಲ.

ಸ್ಯಾಂಕ್ಷನ್ ಡ್ರಾಯಿಂಗಿನ ಲೋಕದಲ್ಲಿ ಗಾಳಿ ಓಡಾಡುತ್ತದೆ. ಮನೆಯ ಸುತ್ತ ಜಾಗವಿದೆ. ಮೂಲೆಯಲ್ಲಿ ಎರಡು ಮರಗಳಿವೆ, ಮೇಲಿನಿಂದ ನೋಡಿದ ಹಾಗೆ ದುಂಡಗೆ, ಬತ್ತಾಸಿನಂತೆ. ಮಳೆನೀರು ಕೊಯ್ಲಿಗೆ ಒಂದು ತೊಟ್ಟಿ. ಕೆಳಗೆ ಕಂಬಗಳ ನಡುವೆ, ಸ್ಟಿಲ್ಟಿನಲ್ಲಿ, ಕಾರ್ ಪಾರ್ಕಿಂಗ್, ಅದರಲ್ಲಿ ಒಂದು ಕಾರು. ಆ ಕಾರನ್ನು ಗಮನಿಸಿ. ಊರಿನ ಎಲ್ಲ ಪ್ಲಾನುಗಳಲ್ಲೂ ಅದೇ ಕಾರು, ಅದೇ ಮೂತಿ, ಅದೇ ಎರಡು ಕನ್ನಡಿ. ಯಾವನೋ ಒಬ್ಬ ಡ್ರಾಫ್ಟ್ಸ್‌ಮನ್ ಎಂದೋ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದನ್ನು ಎಲ್ಲರೂ ಕಾಪಿ ಹೊಡೆಯುತ್ತ ಬಂದಿದ್ದಾರೆ. ಪಾಪದ ಕಾರು. ಲಕ್ಷಾಂತರ ಮನೆಗಳ ಕೆಳಗೆ ನಿಂತಿದೆ, ಒಂದೇ ಒಂದು ಸಲ ಸ್ಟಾರ್ಟ್ ಆಗಿಲ್ಲ. ಅದು ನಿಂತ ಜಾಗದಲ್ಲಿ ನಿಜದಲ್ಲಿ ಒಂದು ಕಡೆ ಚಿಕನ್ ಅಂಗಡಿ, ಇನ್ನೊಂದು ಕಡೆ ಟೈಲರ್, ಮತ್ತೊಂದು ಕಡೆ ಎಂಟು ಮಂಚ ಹಾಕಿದ ಪಿಜಿ. ಅಸಲಿ ಕಾರು ರಸ್ತೆಯಲ್ಲಿ, ಮೇಲೊಂದು ಬೂದು ಬಣ್ಣದ ಕವರು ಹೊದ್ದು ಮಲಗಿದೆ. ಅದರ ಮೇಲೆ ಬೆಕ್ಕು.

ಭಾವನ ಪಕ್ಕದ ಮನೆ ಮೂವತ್ತು-ನಲವತ್ತು. ವರ್ಕಿಂಗ್ ಡ್ರಾಯಿಂಗಿನ ಪ್ರಕಾರ ಚಾಚೂ ತಪ್ಪದೆ ಕಟ್ಟಿದ್ದು. ನಾಲ್ಕು ಮಹಡಿ, ಮೇಲೊಂದು ಶೀಟಿನ ಮನೆ. ಮನೆಯ ಸುತ್ತ ಅವರು ಖಾಲಿ ಬಿಟ್ಟ ಸೆಟ್‌ಬ್ಯಾಕಿನಲ್ಲಿ ಹಲ್ಲಿ ಕೂಡ ಓರೆಯಾಗಿಯೇ ಹೋಗಬೇಕು. ಮೇಲಕ್ಕೆ ಹೋಗುತ್ತ ಮನೆ ಇನ್ನೂ ಅಗಲವಾಗುತ್ತದೆ, ಒಂದೊಂದು ಮಹಡಿಗೂ ಸಜ್ಜೆಯ ನೆಪದಲ್ಲಿ ಅರ್ಧರ್ಧ ಅಡಿ ಮುಂದಕ್ಕೆ. ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ಕೈ ಹಾಕಿದರೆ ಅವರ ಕರಿಬೇವಿನ ಡಬ್ಬಿಯೇ ಸಿಗುತ್ತಿತ್ತು, ನಡುವೆ ಭಾವನ ಒಂದು ಮೀಟರ್ ಇಲ್ಲದಿದ್ದರೆ. ಅವರ ಕುಕ್ಕರಿನ ಸೀಟಿ ಎಣಿಸಿ ಇವರು ತಮ್ಮ ಸ್ಟೌವ್ ಆರಿಸಿದ ದಿನಗಳೂ ಇವೆ. ಆ ಮನೆಗೆ ಒಸಿ ಇಲ್ಲ. ಕರೆಂಟಿದೆ. ಕೋರ್ಟಿನ ತೀರ್ಪಿಗೆ ಮುಂಚೆಯೇ ಬಂದದ್ದು.

ಅವರಿಗೆ ನೋಟಿಸ್ ಬಂದಿರಲಿಲ್ಲವೇ ಅಂದರೆ, ಬಂದಿತ್ತು. ನೋಟಿಸು ನಮ್ಮಲ್ಲಿ ತಪ್ಪದೆ ಬರುತ್ತದೆ. ಹಳೆಯ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಅಕ್ರಮ ಕಟ್ಟಡ ಕೆಡವಿಸುವ 321ನೇ ಸೆಕ್ಷನ್ನು ಮನೆಮಾತಾಗಿತ್ತಲ್ಲ: ಮೊದಲು ತಾತ್ಕಾಲಿಕ ಆದೇಶ, ಆಮೇಲೆ 321(3)ರಲ್ಲಿ ದೃಢೀಕರಣ ಆದೇಶ. ತೊಟ್ಟಿಲು ಶಾಸ್ತ್ರ, ನಾಮಕರಣ ಇದ್ದ ಹಾಗೆ ಮಹಡಿಗೆ ಇವೂ ಸಂಸ್ಕಾರಗಳು. ಮೊದಲನೇ ಮಹಡಿ ಮೋಲ್ಡ್ ಆದಾಗ ಒಂದು, ಮೂರನೆಯದು ಆದಾಗ ಇನ್ನೊಂದು. ಆಮೇಲೆ ಮೇಲ್ಮನವಿ, ತಡೆಯಾಜ್ಞೆ, ಬಾಡಿಗೆಗೆ ಇದೆ ಬೋರ್ಡು.

ಇಷ್ಟೆಲ್ಲ ಇದ್ದರೂ ಸರ್ಕಾರ ನಂಬಿಕೆ ಕಳೆದುಕೊಂಡಿಲ್ಲ. 2024ರಲ್ಲಿ ತಂದ ಯೋಜನೆಯ ಹೆಸರೇ 'ನಂಬಿಕೆ ನಕ್ಷೆ'. ಐವತ್ತು-ಎಂಬತ್ತರವರೆಗಿನ ಸೈಟಿಗೆ ನೋಂದಾಯಿತ ಇಂಜಿನಿಯರೋ ಆರ್ಕಿಟೆಕ್ಟೋ ಸ್ವಯಂ ದೃಢೀಕರಿಸಿ ನಕ್ಷೆ ಹಾಕಿದರೆ ಸಾಕು, ಕಚೇರಿ ಸುತ್ತಬೇಕಿಲ್ಲ. ನಾನು ವ್ಯಂಗ್ಯವಾಡುತ್ತಿಲ್ಲ, ಯೋಜನೆ ನಿಜಕ್ಕೂ ಚೆನ್ನಾಗಿದೆ, ಬೆಂಚಾದರೂ ತಪ್ಪುತ್ತದೆ. ಹೆಸರು ಇನ್ನೂ ಚೆನ್ನಾಗಿದೆ. ನಮ್ಮೂರಿನ ನಕ್ಷೆಗಳನ್ನು ಇಷ್ಟು ದಿನ ನಾವು ನೋಡಿಕೊಂಡಲ್ಲ, ನಂಬಿಕೊಂಡೇ ಬಂದದ್ದು. ದೇವರನ್ನು ನಂಬುವ ಹಾಗೆ, ಯಾರೂ ಕಂಡವರಿಲ್ಲ.

ಇನ್ನು ಇಡೀ ಊರಿನ ನಕ್ಷೆ, ಮಾಸ್ಟರ್ ಪ್ಲಾನ್. ಭಾವನ ಸ್ಯಾಂಕ್ಷನ್ನು ಯಾವ ಮಾಸ್ಟರ್ ಪ್ಲಾನಿನ ಪ್ರಕಾರ ಗೊತ್ತೇ? 2015ರವರೆಗಿನದು. 2007ರಲ್ಲಿ ಒಪ್ಪಿಗೆಯಾದದ್ದು. ಹಾಲಿನ ಪ್ಯಾಕೆಟ್ ಮೇಲಿನ ತಾರೀಖು ಒಂದು ದಿನ ಮೀರಿದರೆ ಅಕ್ಕ ಅಂಗಡಿಗೆ ವಾಪಸ್ ಕಳಿಸುತ್ತಾಳೆ; ಇಡೀ ಬೆಂಗಳೂರು ಹತ್ತು ವರ್ಷ ಹಿಂದೆ ಒಡೆದ ಹಾಲಿನಲ್ಲಿ ಕಾಫಿ ಮಾಡಿಕೊಂಡು ಕುಡಿಯುತ್ತಿದೆ. 2031ರ ಕರಡನ್ನು 2017ರಲ್ಲಿ ಪ್ರಕಟಿಸಿದರು, ಆಕ್ಷೇಪಣೆ ಕರೆದರು, ಆಮೇಲೆ ಅದನ್ನೇ ವಾಪಸ್ ತೆಗೆದುಕೊಂಡರು. ಈಗ 2041ರ ಮಾತು ನಡೆದಿದೆ. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಭಾವನ ಫೈಲು ಆಗ ಯಾವ ದಿಕ್ಕಿಗೆ ಹೋಯಿತೋ, ಎರಡು ತಿಂಗಳು ಅದನ್ನು ಹುಡುಕಿದ್ದಾಯಿತು. ಅಕ್ಕ ಅಂಜನ ಹಾಕಿಸೋಣ ಎಂದಳು. ನಾವು ನಕ್ಕೆವು, ಆಮೇಲೆ ಯಾಕೋ ಸುಮ್ಮನಾದೆವು.

ಭಾವ ಕಟ್ಟಿದ ಶುಲ್ಕಗಳ ಪಟ್ಟಿಯಲ್ಲಿ 'ನೆಲ ಬಾಡಿಗೆ' ಅಂತ ಒಂದಿದೆ. ಇಟ್ಟಿಗೆ, ಜಲ್ಲಿ, ಮರಳನ್ನು ರಸ್ತೆಯಲ್ಲಿ ಸುರಿದುಕೊಳ್ಳುವುದಕ್ಕೆ ಬಾಡಿಗೆ. ಭಾವ ರಸ್ತೆಯಲ್ಲಿ ಸುರಿಯಲೇ ಇಲ್ಲ, ಸೈಟಿನೊಳಗೇ ಹಾಕಿಸಿಕೊಂಡರು. ಬಾಡಿಗೆ ಮಾತ್ರ ಕಟ್ಟಿದರು. ಈ ಬಗೆಯ ಶುಲ್ಕಗಳಿಗೆ ಕಾನೂನಿನ ಬಲವಿಲ್ಲ ಎಂದು 2021ರಲ್ಲಿ ಹೈಕೋರ್ಟ್ ಹೇಳಿತ್ತು. ಸರ್ಕಾರ ತಲೆಬಾಗಿ ಒಪ್ಪಿತು, ಕಾನೂನನ್ನು ತಿದ್ದಿತು.

ಅಕ್ರಮ-ಸಕ್ರಮದ ಪುರಾಣ ನಿಮಗೆ ಬಾಯಿಪಾಠ, ಮತ್ತೆ ಹೇಳುವುದಿಲ್ಲ. 2014ರ ನಿಯಮದಲ್ಲಿ ವಾಸದ ಮನೆಗೆ ಶೇ 50, ವಾಣಿಜ್ಯಕ್ಕೆ ಶೇ 25ರವರೆಗಿನ ಉಲ್ಲಂಘನೆ ದಂಡ ಕಟ್ಟಿದರೆ ಮಾಫಿ ಎಂದದ್ದು, ಹೈಕೋರ್ಟ್ ಸರಿ ಎಂದದ್ದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು. ತಡೆದರೇನಂತೆ. ಮುಂದೊಂದು ದಿನ ಸಕ್ರಮವಾಗಿಯೇ ಆಗುತ್ತದೆ ಎಂಬ ನಂಬಿಕೆಯ ಮೇಲೆ ಆಮೇಲೂ ಮಹಡಿ ಏರುತ್ತಲೇ ಇವೆ. 2025ರಲ್ಲಿ, ನಿಯಮ ಮೀರಿದ ಆಸ್ತಿಗಳ ಬಿ ಖಾತಾವನ್ನು ನೆಟ್ಟಗಿರುವ ಆಸ್ತಿಗಳ ಎ ಖಾತಾ ಮಾಡಿಕೊಡುತ್ತೇವೆ ಬನ್ನಿ, ಮಾರ್ಗಸೂಚಿ ಬೆಲೆಯ ಶೇ 5 ಕಟ್ಟಿ ಎಂದು ಕರೆದರಲ್ಲ, ಆ ದಿನ ಭಾವ ಪೇಪರ್ ಮಡಿಸಿಟ್ಟು ಕೇಳಿದರು: "ಮೊದಲಿಂದಲೂ ಎ ಇರೋರಿಗೆ ಏನು ಕೊಡ್ತಾರಂತೆ?"

ನನಗೆ ನಗು ಬಂತು. ಆದರೆ ನಗುವಂಥದ್ದೇನಿದೆ ಇದರಲ್ಲಿ? 2024ರ ಅಕ್ಟೋಬರ್ 22ರ ಮಳೆಯಲ್ಲಿ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಬಿತ್ತು. ಒಳಗಿದ್ದವರು ಕೂಲಿಯವರು, ಹೊಟ್ಟೆಪಾಡಿಗೆ ಬೇರೆ ಊರುಗಳಿಂದ ಬಂದವರು. ಮರುದಿನ ಎಲ್ಲರೂ ಒಂದೇ ಮಾತು ಹೇಳಿದರು: ಅನುಮತಿಯೇ ಇರಲಿಲ್ಲ. ಅನುಮತಿ ಇಲ್ಲದ್ದು ಆ ದಿನ ಗೊತ್ತಾಯಿತೇ? ಅಷ್ಟು ದೊಡ್ಡ ಕಟ್ಟಡ ರಾತ್ರೋರಾತ್ರಿ ಅಣಬೆಯ ಹಾಗೆ ಎದ್ದು ನಿಂತಿತ್ತೇ? ಲಾರಿ ಲಾರಿ ಕಬ್ಬಿಣ ಆ ರಸ್ತೆಯಲ್ಲೇ ಹೋಗಿದೆ. ಸೆಂಟ್ರಿಂಗಿನವರು ಬಂದಿದ್ದಾರೆ, ಮೋಲ್ಡ್ ದಿನ ಮಿಕ್ಸರ್ ಗಡಗಡ ಎಂದಿದೆ, ಒಂದಲ್ಲ ಎರಡಲ್ಲ, ಮಹಡಿ ಮಹಡಿಗೂ. ನನ್ನ ಭಾವನ ಮನೆಯ ಕಿಟಕಿ ಎರಡಿಂಚು ಆಚೀಚೆ ಆಗಿದೆಯಾ ಎಂದು ಅಳೆಯಲು ಬರುವ ಕಣ್ಣುಗಳಿಗೆ ಅದು ಕಾಣಲಿಲ್ಲ. ನನಗೆ ಸಾಕಾಗಿದೆ. ಇದನ್ನೂ ಜೋಕು ಮಾಡು ಎಂದರೆ ನನ್ನ ಕೈಲಾಗುವುದಿಲ್ಲ.

ಸಾಹೇಬರು ಕೊನೆಗೂ ಸ್ಪಾಟಿಗೆ ಬಂದರು, ಹೋದ ವಾರ. ಟೇಪು ಭಾವನದೇ. ಅಳೆದರು. ಎಲ್ಲ ಸರಿ ಇತ್ತು. ಪಕ್ಕದ ಮನೆಯ ಗೋಡೆಗೂ ಇವರದಕ್ಕೂ ನಡುವಿನ ಜಾಗದಲ್ಲಿ ನಿಂತು ತಲೆ ಎತ್ತಿ ನೋಡಿ, "ಇದೇನ್ರೀ ಇದು?" ಅಂದರು. ಪಕ್ಕದವರು ತಮ್ಮ ಏಸಿಯ ಡಬ್ಬವನ್ನು ಭಾವನ ಒಂದು ಮೀಟರಿನೊಳಕ್ಕೆ ಚಾಚಿ ಕೂರಿಸಿದ್ದಾರೆ. ಅವರ ಕಡೆ ಜಾಗ ಎಲ್ಲಿದೆ, ಪಾಪ. ಸಾಹೇಬರು ಅದನ್ನು ಬರೆದುಕೊಂಡರು, ಭಾವನ ಫೈಲಿನಲ್ಲಿ. ಸೆಟ್‌ಬ್ಯಾಕ್ ಒತ್ತುವರಿ.

ಮೊನ್ನೆ ಭಾನುವಾರ ಹೋದಾಗ ಭಾವ ಆ ಏಸಿಯ ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನೀರು ಟಿಕ್ ಟಿಕ್ ಎಂದು ಬೀಳುತ್ತಿತ್ತು. ಏನಿದು ಭಾವ ಅಂದೆ.

"ಪ್ಲಾನಲ್ಲಿ ತೋರಿಸಿದ್ವಲ್ಲ," ಅಂದರು, "ಮಳೆನೀರು ಕೊಯ್ಲು."