ಮೊದಲ ಪಂಕ್ತಿಗೇ ಎಲೆ ಸಾಲದಿದ್ದರೆ

ನನ್ನ ಅಕ್ಕನ ಮಗ ಎಂಟು ತಿಂಗಳು ಕೈಖರ್ಚಿನ ಹಣ ಕೂಡಿಟ್ಟು, ಮುಂಗಡವಾಗಿಯೇ ಕಾಯ್ದಿರಿಸಿ ಒಂದು ಫುಟ್‌ಬಾಲ್ ಗೇಮ್ ಕೊಂಡ. ಬಿಡುಗಡೆಯ ಸಂಜೆ ಗೆಳೆಯರೆಲ್ಲ ಒಟ್ಟಿಗೆ ಆಡುವುದೆಂದು ಮಾತಾಗಿತ್ತು. ರಾತ್ರಿ ಹನ್ನೊಂದಾದರೂ ಪರದೆಯ ಮೇಲೆ ಸರ್ವರ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಮರುದಿನ ಕಂಪನಿಯ ಹೇಳಿಕೆ ಬಂತು: ನಿಮ್ಮ ಪ್ರೀತಿ ನಮ್ಮ ನಿರೀಕ್ಷೆಯನ್ನು ಮೀರಿತು. ಹನ್ನೆರಡು ವರ್ಷಗಳಿಂದ ಸರ್ವರ್‌ಗಳ ಕೆಲಸವನ್ನೇ ಮಾಡುತ್ತಿರುವ ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ವರ್ಷವರ್ಷವೂ ಬರುವ ಆಟ ಅದು. ಕಳೆದ ವರ್ಷ ಎಷ್ಟು ಜನ ಆಡಿದರು, ಈ ವರ್ಷ ಎಷ್ಟು ಜನ ಮುಂಗಡ ಕೊಟ್ಟಿದ್ದಾರೆ ಎಂಬ ಲೆಕ್ಕ ಅವರ ಕೈಯಲ್ಲೇ ಇತ್ತು.

ಇಂಥ ದಿನ ಪಂದ್ಯ ನಡೆಸುವ ಯಂತ್ರಗಳು ಸಾಲದೆ ಹೋದವು ಎಂದು ಜನ ತಿಳಿಯುತ್ತಾರೆ. ಬಹಳ ಸಲ ಕುಸಿಯುವುದು ಅವಲ್ಲ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ ಕಾರಣ ಅಂಥ ಯಂತ್ರಗಳನ್ನು ಬಾಡಿಗೆಗೆ ತಂದು ಸೇರಿಸುತ್ತಾ ಹೋಗಬಹುದು. ಕುಸಿಯುವುದು ಹೆಬ್ಬಾಗಿಲು: ಲಾಗಿನ್, ಆಟಗಾರರ ಖಾತೆಗಳಿರುವ ಡೇಟಾಬೇಸ್, ಎದುರಾಳಿಯನ್ನು ಹುಡುಕಿಕೊಡುವ ವ್ಯವಸ್ಥೆ. ಮಾಮೂಲಿ ದಿನ ಜನ ಬಿಡಿಬಿಡಿಯಾಗಿ ಬರುತ್ತಾರೆ. ಮೊದಲ ದಿನ ಮದುವೆಮನೆಯ ಮೊದಲ ಪಂಕ್ತಿಯ ಹಾಗೆ ಎಲ್ಲರೂ ಒಮ್ಮೆಗೇ ನುಗ್ಗುತ್ತಾರೆ. ಎಲ್ಲರೂ ಹೊಸ ಖಾತೆ ತೆರೆಯುತ್ತಾರೆ, ತಂಡ ಕಟ್ಟುತ್ತಾರೆ. ಇದ್ದುದನ್ನು ಓದಿ ಕೊಡುವುದಕ್ಕಿಂತ ಹೊಸದನ್ನು ಬರೆದಿಡುವುದು ಡೇಟಾಬೇಸಿಗೆ ಹೆಚ್ಚು ಭಾರ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಉತ್ತರ ತಡವಾದರೆ ಆಟವೇ ಮತ್ತೆ ಮತ್ತೆ ಕೇಳತೊಡಗುತ್ತದೆ. ಆಟಗಾರನೂ ಗುಂಡಿ ಒತ್ತುತ್ತಲೇ ಇರುತ್ತಾನೆ. ಹತ್ತು ಸಾವಿರ ಕೋರಿಕೆಗಳು ನೋಡನೋಡುತ್ತಲೇ ಮೂವತ್ತು ಸಾವಿರವಾಗುತ್ತವೆ. ಎದ್ದು ನಿಲ್ಲಲು ಹೊರಟ ಸರ್ವರನ್ನು ಅವೇ ಮತ್ತೆ ಕೆಡವುತ್ತವೆ. ಪ್ರತಿ ಸೋಲಿನ ನಂತರ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿ, ಒಬ್ಬೊಬ್ಬರಿಗೂ ಅದು ಸ್ವಲ್ಪ ಹೆಚ್ಚುಕಡಿಮೆಯಾಗುವಂತೆ ಮಾಡಿದರೆ ಈ ನೂಕುನುಗ್ಗಲು ಚದುರುತ್ತದೆ. ಆದರೆ ಆ ಕೋಡ್ ಇರಬೇಕಾದದ್ದು ಆಟಗಾರರ ಮನೆಯ ಯಂತ್ರದಲ್ಲಿ. ಬಿಡುಗಡೆಗೆ ಮೊದಲೇ ಅದನ್ನು ಬರೆದಿಡದಿದ್ದರೆ ಆ ರಾತ್ರಿ ಮಾಡುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ನಿಜವಾಗಿಯೂ ನಿರೀಕ್ಷೆ ಮೀರಿದವರೂ ಇದ್ದಾರೆ. ಕಾರುಗಳು ಫುಟ್‌ಬಾಲ್ ಆಡುವ ರಾಕೆಟ್ ಲೀಗ್ 2015ರ ಜುಲೈ 7ರಂದು ಬಂತು. ಸೋನಿಯ ಪ್ಲೇಸ್ಟೇಷನ್ ಗೇಮ್ ಯಂತ್ರಕ್ಕಿರುವ ಪ್ಲೇಸ್ಟೇಷನ್ ಪ್ಲಸ್ ಎಂಬ ಸೇವೆಯ ಚಂದಾದಾರರಿಗೆ ಆ ತಿಂಗಳು ಉಚಿತ. ಅದನ್ನು ಮಾಡಿದ ಸೈಯೊನಿಕ್ಸ್ ಆಗ ಸಣ್ಣ ಕಂಪನಿ, 2008ರಲ್ಲಿ ಅವರು ತಂದಿದ್ದ ಇಂಥದ್ದೇ ಆಟವನ್ನು ಆಡಿದವರು ಕಡಿಮೆ. ಒಂದು ತಿಂಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗುತ್ತದೆಂದು ಯಾರು ಊಹಿಸಿಯಾರು? ಅವರ ಸರ್ವರ್‌ಗಳು ತತ್ತರಿಸಿದ್ದನ್ನು ನಾನು ಕ್ಷಮಿಸುತ್ತೇನೆ. ಡ್ರೈವ್‌ಕ್ಲಬ್ ವಿಷಯದಲ್ಲಿ ಅಷ್ಟು ಉದಾರನಾಗಲಾರೆ. ಸುಮಾರು ಒಂದು ವರ್ಷ ತಡವಾಗಿ 2014ರ ಅಕ್ಟೋಬರಿನಲ್ಲಿ ಬಂದ ಕಾರ್ ರೇಸಿಂಗ್ ಆಟ ಅದು. ಅಷ್ಟಾದರೂ ಮೊದಲ ದಿನವೇ ಆನ್‌ಲೈನ್ ಭಾಗ ಬಿದ್ದುಹೋಯಿತು. ಹಣ ಕೊಟ್ಟವರಿಗೆ ಮೊದಲು ಜಾಗವಾಗಲೆಂದು ಪ್ಲಸ್ ಚಂದಾದಾರರಿಗೆ ಕೊಡಬೇಕಿದ್ದ ಉಚಿತ ಆವೃತ್ತಿಯನ್ನು ಮುಂದೂಡಿದರು. ಅದು ಬಂದದ್ದು 2015ರ ಜೂನ್‌ನಲ್ಲಿ. ಸರಿಯಾದ ನಿರ್ಧಾರವೇ, ಆದರೆ ಬಿಡುಗಡೆಗೆ ಮೊದಲೇ ಆಗಬೇಕಿತ್ತು. ಆದರೂ ಅಲ್ಲಿ ಒಬ್ಬರೇ ಕುಳಿತು ಆಡಬಹುದಿತ್ತು. 2022ರ ಮಾರ್ಚ್‌ನಲ್ಲಿ ಗ್ರಾನ್ ಟುರಿಸ್ಮೊ 7 ಎಂಬ ಕಾರ್ ರೇಸಿಂಗ್ ಆಟದ ಸರ್ವರ್‌ಗಳು 30 ಗಂಟೆಗೂ ಹೆಚ್ಚು ನಿಂತಾಗ, ಒಬ್ಬರೇ ಆಡುವ ಭಾಗದ ಬಹುಪಾಲೂ ಬಾಗಿಲು ಹಾಕಿಕೊಂಡಿತು. ಸ್ವಂತ ಕಾರನ್ನು ಒಬ್ಬನೇ ಓಡಿಸಲು ದೂರದ ಸರ್ವರ್‌ನ ಅಪ್ಪಣೆ ಏಕೆ ಬೇಕು?

ಗೇಮ್ ಕಂಪನಿಗಳಿಗೆ ನಾನು ಹೇಳುವುದಿಷ್ಟೇ: ಬಿಡುಗಡೆಗೆ ವಾರಗಳ ಮೊದಲು ಒಂದು ಸಂಜೆ ಗೊತ್ತುಮಾಡಿ, ಸಾರ್ವಜನಿಕರನ್ನು ಒಂದೇ ಗಂಟೆಗೆ ಒಳಗೆ ಕರೆಯಿರಿ. ಸರ್ವರ್ ಬೀಳುವವರೆಗೂ ಬಿಡಿ. ಯಂತ್ರಗಳಿಂದ ಮಾಡಿಸುವ ಪರೀಕ್ಷೆ ಬೇಕೇ ಬೇಕು, ಆದರೆ ಮನುಷ್ಯರಂತೆ ತಾಳ್ಮೆಗೆಟ್ಟು ಗುಂಡಿ ಒತ್ತುವುದು ಅದಕ್ಕೆ ಬರುವುದಿಲ್ಲ. ಆದರೂ ಜನ ಹೆಚ್ಚಾದರೆ ಸರದಿ ಇಡಿ, ಎಷ್ಟನೆಯವರೆಂದು ಹೇಳಿ. ಸರದಿಯಲ್ಲಿ ಕಾಯುವುದು ನಮಗೆ ಗೊತ್ತು. ಏನಾಗುತ್ತಿದೆಯೆಂದೇ ತಿಳಿಯದೆ ಕೂರುವುದು ಅವಮಾನ.

ಹುಡುಗನಿಗೆ ಆಟ ಸಿಕ್ಕಿದ್ದು ಮೂರನೆಯ ದಿನ. ‘ಮಾಮ, ಮುಂದಿನ ವರ್ಷವೂ ಮುಂಗಡ ಕೊಡಲೇ?’ ಎಂದು ಕೇಳಿದ. ಬೇಡ, ಒಂದು ವಾರ ಆಡಿದವರ ಮಾತು ಕೇಳಿ ಆಮೇಲೆ ಕೊಳ್ಳು ಎಂದೆ.