ಐದನೆಯವನ ಪಾಲು

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಗೆ ಗಣಿತ ಕಲಿಸುವ ನನಗೆ ಅಭ್ಯಾಸ ಪುಸ್ತಕಗಳ ಬಗ್ಗೆ ಹಳೆಯ ತಕರಾರೊಂದಿದೆ. ಈಚೆಗೆ ಕೈಗೆ ಬಂದ ಪುಸ್ತಕವೊಂದರಲ್ಲಿ, ಉತ್ತರ ಧ್ರುವದಲ್ಲಿದ್ದ 36 ಪೆಂಗ್ವಿನ್‌ಗಳಲ್ಲಿ 9 ಈಜಿಹೋದರೆ ಉಳಿದವೆಷ್ಟು ಎಂಬ ಲೆಕ್ಕವಿತ್ತು. ಉತ್ತರ ಧ್ರುವದಲ್ಲಿ ಪೆಂಗ್ವಿನ್‌ಗಳೇ ಇಲ್ಲ ಎಂಬುದು ಹಾಗಿರಲಿ, ಅವುಗಳ ಜಾಗದಲ್ಲಿ ನಿಂಬೆಹಣ್ಣು ಇಟ್ಟರೂ ಆ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಧ್ರುವಯಾತ್ರೆಯನ್ನು ತರಗತಿಗೆ ತರುವುದಾದರೆ, ಅಲ್ಲಿ ಹೋದವರು ನಿಜವಾಗಿ ಹಾಕಬೇಕಾಗಿ ಬಂದ ಲೆಕ್ಕವನ್ನೇ ತರಬೇಕೆಂಬುದು ನನ್ನ ಅಭಿಪ್ರಾಯ.

ದಕ್ಷಿಣ ಧ್ರುವಕ್ಕೆ ಹೊರಟ ರಾಬರ್ಟ್ ಸ್ಕಾಟ್‌ನ ತಂಡದ ಆಹಾರವನ್ನು 4 ಜನರಿಗೆ ಒಂದು ವಾರಕ್ಕೆ ಸಾಲುವಂತೆ ಕಟ್ಟಿಡಲಾಗಿತ್ತು. ಆದರೆ 1912ರ ಜನವರಿಯಲ್ಲಿ ಆತ ಕೊನೆಯ ಹಂತಕ್ಕೆ ಕರೆದೊಯ್ದ ತಂಡದಲ್ಲಿ ತಾನೂ ಸೇರಿ 5 ಜನರಿದ್ದರು. ಒಂದು ವಾರದ ಕಟ್ಟು ಈಗ ಎಷ್ಟು ದಿನ ಬರುತ್ತದೆ ಎಂದು ಕೇಳಿದೆ. ಒಟ್ಟು 28 ಪಾಲು, ಐದರಿಂದ ಭಾಗಿಸಿದರೆ 5 ದಿನ, ಶೇಷ 3 ಎಂದು ಬರೆದು ಎಲ್ಲರೂ ಪೆನ್ಸಿಲ್ ಕೆಳಗಿಟ್ಟರು. ತೋಟದ ಕೂಲಿಕಾರರ ಲೈನ್ ಮನೆಯ ಹುಡುಗನೊಬ್ಬ ಮಾತ್ರ ಇಡಲಿಲ್ಲ. “ಮಿಸ್, ಆರನೇ ದಿನ ಮೂರು ಜನ ಉಂಡ್ರೆ ಇನ್ನಿಬ್ರು ನೋಡ್ಕಂಡ್ ಕೂತಿರ್ತಾರಾ?” ಎಂದ. ಮೂರು ಪಾಲನ್ನು ಐವರಿಗೆ ಹಂಚುವ ಆ ಜಗಳದಲ್ಲಿ ಐದನೇ ಮೂರು ಎಂಬ ಭಿನ್ನರಾಶಿ ತಾನಾಗಿಯೇ ತರಗತಿಯೊಳಗೆ ಬಂತು. (ಸ್ಕಾಟ್‌ನ ತಂಡದ ಐವರೂ ಮರಳುವ ದಾರಿಯಲ್ಲಿ ಸತ್ತಿದ್ದಕ್ಕೆ ಈ ಭಾಗಾಕಾರವೊಂದೇ ಕಾರಣವಲ್ಲ, ಚಳಿಯೂ ಡಬ್ಬಿಗಳಲ್ಲಿ ಕಡಿಮೆಯಾಗಿದ್ದ ಸೀಮೆಎಣ್ಣೆಯೂ ಸೇರಿದ್ದವು ಎಂದು ಮಕ್ಕಳಿಗೆ ಹೇಳದೆ ಬಿಡಲಿಲ್ಲ.)

ಇನ್ನೊಂದು ಲೆಕ್ಕ ಸ್ಕಾಟ್‌ಗಿಂತ ಮೊದಲೇ ದಕ್ಷಿಣ ಧ್ರುವ ಮುಟ್ಟಿದ ನಾರ್ವೆಯ ಅಮುಂಡ್ಸನ್‌ನದು. ಮಂಜಿನಲ್ಲಿ ದಾರಿ ತಪ್ಪಿದರೂ ಆಹಾರದ ದಾಸ್ತಾನು ಸಿಗಲೆಂದು, 80 ಡಿಗ್ರಿ ಅಕ್ಷಾಂಶದಲ್ಲಿದ್ದ ಆ ದಾಸ್ತಾನಿನ ಎರಡೂ ಪಕ್ಕಕ್ಕೆ, ದಾರಿಗೆ ಅಡ್ಡಲಾಗಿ, 900 ಮೀಟರಿಗೊಂದರಂತೆ ಹತ್ತು ಹತ್ತು ಬಾವುಟಗಳನ್ನು ಆತ ನೆಡಿಸಿದ್ದ. ಒಂದೊಂದು ಕಂಬಕ್ಕೂ ಸಂಖ್ಯೆಯಿತ್ತು. ಆ ಸಾಲಿನ ಒಟ್ಟು ಉದ್ದ ಬೇಲೂರಿನಿಂದ ಹಳೇಬೀಡಿಗಿರುವ ದೂರಕ್ಕಿಂತ ತುಸು ಹೆಚ್ಚು. ಹತ್ತು ಬಾವುಟಗಳ ನಡುವೆ ಒಂಬತ್ತೇ ಅಂತರವಲ್ಲವೇ, ಒಂದು ಪಕ್ಕ 9 ಕಿ.ಮೀ. ಆಗುವುದು ಹೇಗೆ ಎಂದು ನಾನೇ ಕೆಣಕಿದೆ. ಅಪ್ಪನ ಜೊತೆ ಹಗ್ಗ ಹಿಡಿದು ಕಾಫಿ ಗುಂಡಿಗೆ ಗೂಟ ಹೊಡೆದು ಗೊತ್ತಿದ್ದ ಹುಡುಗಿಯೊಬ್ಬಳು, “ಊಟ ಇಟ್ಟಿರೋ ಜಾಗನೇ ಮೊದಲ್ನೇ ಗೂಟ ಮಿಸ್” ಎಂದಳು.

ಹಿಮವನ್ನೇ ಕಾಣದ ಮಕ್ಕಳಿಗೆ ಅಂಟಾರ್ಕ್ಟಿಕಾ ಏಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಳೆಗಾಲ ಹಿಡಿಯುವ ಮೊದಲೇ ಸೌದೆ ಒಟ್ಟುವ ಮನೆಗಳ ಮಕ್ಕಳಿವರು. ತಲೆಗೆ 100 ಗ್ರಾಂ ಅಕ್ಕಿಯಂತೆ ಅಳೆಯಲು ಬಿಸಿಯೂಟದ ಅಕ್ಕ ದಿನವೂ ಬಾಗಿಲಿಗೆ ಬಂದು ಹಾಜರಿ ಕೇಳುವುದನ್ನು ನೋಡುತ್ತಲೇ ಬೆಳೆದವರು. ಅಂದೂ ಆಕೆ ಬಂದು ನಿಂತಿದ್ದರು. ಐವರಿಗೆ ಅಡುಗೆ ಮಾಡಲು ದಿನಕ್ಕೆ ಅರ್ಧ ಗಂಟೆ ಹೆಚ್ಚು ಬೇಕಾಗುತ್ತಿದೆ ಎಂದು ಸ್ಕಾಟ್ ದಿನಚರಿಯಲ್ಲಿ ಬರೆದಿದ್ದನ್ನು ನಾನು ಹೇಳುತ್ತಿದ್ದಂತೆ, ಮಕ್ಕಳಿಗಿಂತ ಮೊದಲು ಅವರೇ ಕೇಳಿದರು: “ಹಂಗಾದ್ರೆ ಸೀಮೆಎಣ್ಣೆ ಎಲ್ಲಿ ಸಾಲುತ್ತೆ ಮೇಡಂ?”