46 ಅಂಕ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಮೂರು ದಿನ ಕಾದೆ. ಇಳಿಯಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಶನಿವಾರ ರಾಯಚೂರಿನಲ್ಲಿ ಉದ್ಯೋಗ ಮೇಳ ಇತ್ತು. ನಮ್ಮ ಕಾಲೇಜಿನಿಂದ 31 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳಿಗೆ ಕೆಲಸ ಹುಡುಕಿಕೊಡುವ ನಮ್ಮ ಪ್ಲೇಸ್‌ಮೆಂಟ್ ಸೆಲ್ ಅಂದರೆ ನಾನು ಮತ್ತು ಒಂದು ಬೀರು ಅಂತ ನಿಮಗೆಲ್ಲ ಗೊತ್ತೇ ಇದೆ. ಬೆಳಿಗ್ಗೆ ಆರೂವರೆಯ ಬಸ್ಸು. ಹುಡುಗಿಯರಿಗೆ ಶಕ್ತಿ ಯೋಜನೆಯ ಟಿಕೆಟ್. ಹುಡುಗರ ಟಿಕೆಟ್ಟಿಗೆ ನಾನೂ ಇಂಗ್ಲಿಷ್ ಮೇಷ್ಟ್ರೂ ಸೇರಿ ದುಡ್ಡು ಹಾಕಿದೆವು.

ಅವರಲ್ಲಿ ಒಬ್ಬಳ ಬಗ್ಗೆ ಹೇಳಬೇಕು. ಹೆಸರು ಬೇಡ. ದೇವದುರ್ಗದ ಕಡೆಯ ಹಳ್ಳಿ. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಬಿಎಸ್ಸಿಯಲ್ಲಿ 81 ಪರ್ಸೆಂಟ್. ನಮ್ಮ ಲೈಬ್ರರಿಯ ಪುಸ್ತಕಗಳ ಲೆಕ್ಕ ವರ್ಷಗಟ್ಟಲೆ ದಪ್ಪ ರಿಜಿಸ್ಟರಿನಲ್ಲಿ ಕೊಳೆಯುತ್ತಿತ್ತು. ಯಾರೂ ಹೇಳದೆ ತಾನೇ ಕೂತು ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಯಾವ ಪುಸ್ತಕ ಯಾರ ಹತ್ತಿರ ಇದೆ ಅಂತ ಒಂದೇ ಏಟಿಗೆ ಗೊತ್ತಾಗುವ ಹಾಗೆ ಮಾಡಿಕೊಟ್ಟಳು.

ಬೆಂಗಳೂರಿನ ಒಂದು ಕಂಪನಿಯ ಟೇಬಲ್. ಡೇಟಾ ನೋಡಿಕೊಳ್ಳುವ ಕೆಲಸ. ಇವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಿಂದೆ ದೊಡ್ಡ ಬ್ಯಾನರ್. ಹೆಂಗಸರು, ಗಾಲಿಕುರ್ಚಿಯಲ್ಲಿ ಕೂತ ಹುಡುಗ, ಎಲ್ಲರೂ ನಗುತ್ತಿರುವ ಚಿತ್ರ. ನಮ್ಮಲ್ಲಿ ಎಲ್ಲರಿಗೂ ಜಾಗ ಇದೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನೇ ಅದನ್ನು ನೋಡಿ ಅವಳನ್ನು ಅಲ್ಲಿಗೆ ಕಳಿಸಿದ್ದು.

ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತುಂಬಬೇಕು. ಹೆಸರು ಹಾಕಿದಳು. ಡಿಗ್ರಿ ಅಂಕ ಹಾಕಿದಳು. ಎಸ್ಸೆಸ್ಸೆಲ್ಸಿ ಅಂಕ ಕೇಳಿತು. 52.64 ಅಂತ ಒತ್ತಿದಳು. ಆ ಚೌಕ ಕೆಂಪಾಯಿತು. ಮುಂದಿನ ಪುಟಕ್ಕೆ ಹೋಗಲೇ ಇಲ್ಲ.

ಟೇಬಲ್ಲಿನ ಆ ಕಡೆ ಕೂತಿದ್ದ ಹುಡುಗ ಒಳ್ಳೆಯವನೇ. ಅವನದೂ ಇಪ್ಪತ್ನಾಲ್ಕು ಇಪ್ಪತ್ತೈದು ವಯಸ್ಸು. 'ಸರ್, ಸಿಕ್ಸ್ಟಿ ಥ್ರೂಔಟ್ ಇರ್ಬೇಕು. ಸಿಸ್ಟಮ್ ತಗೊಳ್ಳಲ್ಲ' ಅಂದ. ಅವಳು ಪ್ಲಾಸ್ಟಿಕ್ ಫೈಲಿನಿಂದ ಡಿಗ್ರಿ ಮಾರ್ಕ್ಸ್ ಕಾರ್ಡ್ ತೆಗೆದು ಅವನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ. ಆ ಕಾಗದವನ್ನು ತೆಗೆದುಕೊಂಡು ಮಾಡುವುದೇನು ಅಂತ ಅವನಿಗೂ ಗೊತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಮೂಲೆ ಮಡಚದ ಹಾಗೆ ಮತ್ತೆ ಫೈಲಿನೊಳಗೆ ಇಟ್ಟಳು.

ಥ್ರೂಔಟ್. ಈ ಪದ ಎಷ್ಟು ಮಕ್ಕಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಮೂರರಲ್ಲೂ 60 ಇರಬೇಕು. ಒಂದರಲ್ಲಿ ತಪ್ಪಿದರೂ ಮುಗಿಯಿತು. ನೀವು ಮೇಲೆ ಬಂದಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಹುಟ್ಟಿದ ಜಾಗದಿಂದ ಹೊರಡುವಾಗ ಎಲ್ಲಿದ್ದಿರಿ ಅಂತ ಕೇಳುತ್ತಾರೆ.

ಅವಳು ಎಸ್ಸೆಸ್ಸೆಲ್ಸಿ ಬರೆದಿದ್ದು 2020ರಲ್ಲಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಲಾಕ್‌ಡೌನಿನಿಂದ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ನೆನಪಿದೆಯಲ್ವಾ? ಮಕ್ಕಳು ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು ಬರೆದರು. ಇವಳ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದವರು, ಕಟ್ಟಡದ ಕೆಲಸಕ್ಕೆ. ಮೇ ತಿಂಗಳಲ್ಲಿ ವಾಪಸ್ ಬಂದರು. ಒಂದು ಕೋಣೆಯ ಮನೆಯಲ್ಲಿ ಏಳು ಜನ. ಅಮ್ಮ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವುದು, ಅಡುಗೆ ಮಾಡುವುದು ಇವಳ ಪಾಲಿಗೆ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಇವರ ಮನೆಯಲ್ಲಿ ಟಿವಿ ಇರಲಿಲ್ಲ. ಇವರ ಶಾಲೆಗೆ ಗಣಿತದ ಮೇಷ್ಟ್ರು ಬಂದಿದ್ದೇ ಪರೀಕ್ಷೆಗೆ ಹಿಂದಿನ ನವೆಂಬರಿನಲ್ಲಿ.

ಆ ಮಾರ್ಕ್ಸ್ ಕಾರ್ಡ್ ನಾನು ನೋಡಿದ್ದೇನೆ. ಕನ್ನಡದಲ್ಲಿ 125ಕ್ಕೆ 108. ಗಣಿತದಲ್ಲಿ 35. ಒಟ್ಟು 625ಕ್ಕೆ 329. 60 ಪರ್ಸೆಂಟ್ ಅಂದರೆ 375. ಕಮ್ಮಿ ಬಿದ್ದಿದ್ದು 46 ಅಂಕ. ಗಣಿತದಲ್ಲಿ 35 ತೆಗೆದ ಅದೇ ಹುಡುಗಿ ಡಿಗ್ರಿ ಕೊನೆಯ ಸೆಮಿಸ್ಟರಿನ ಗಣಿತದಲ್ಲಿ 88 ತೆಗೆದಿದ್ದಾಳೆ. ಈ ಎರಡು ಸಂಖ್ಯೆಗಳ ನಡುವೆ ಅವಳು ಪಟ್ಟ ಕಷ್ಟ ಏನು ಅಂತ ಕೇಳುವ ಕಾಲಮ್ಮು ಯಾವ ಫಾರ್ಮಿನಲ್ಲೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಸ್ವಲ್ಪ ಮುಂದೆ ಬಗ್ಗಿ ಕೇಳಿದಳು: 'ಸರ್, ಎಸ್ಸೆಸ್ಸೆಲ್ಸಿ ಮತ್ತ ಬರೀಲಾಕ ಬರ್ತದೇನ್ರಿ?'

ನನಗೆ ಉತ್ತರ ಹೊಳೆಯಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಕೆಲವು ಸ್ನೇಹಿತರು ಈಗಲೇ ಬರೆಯಲು ಶುರುಮಾಡಿರುತ್ತಾರೆ, ಗೊತ್ತು. ಒಂದು ಕೆಲಸಕ್ಕೆ ಸಾವಿರಗಟ್ಟಲೆ ಅರ್ಜಿ ಬರುತ್ತೆ, ಏನಾದರೂ ಒಂದು ಜರಡಿ ಬೇಕಲ್ವಾ ಅಂತ. ಬೇಕು. ಆದರೆ ಜರಡಿ ಹಿಡಿಯಬೇಕಾದ್ದು ಈಗಿನ ಕಾಳನ್ನು. ಪರೀಕ್ಷೆ ಇಡಿ. ಒಂದು ಗಂಟೆ ಕೂರಿಸಿ ಕೆಲಸ ಕೊಟ್ಟು ನೋಡಿ. ಡಿಗ್ರಿ ಅಂಕ ನೋಡುತ್ತೀರಾ, ನೋಡಿ. ಈ ದೇಶದ ಜಿಲ್ಲಾಧಿಕಾರಿಗಳನ್ನು ಆರಿಸುವ ಯುಪಿಎಸ್‌ಸಿ ಪರೀಕ್ಷೆಗೆ ಡಿಗ್ರಿ ಪಾಸಾಗಿದ್ದರೆ ಸಾಕು, ಇಷ್ಟೇ ಪರ್ಸೆಂಟ್ ಬೇಕು ಅಂತ ಇಲ್ಲ. ಬ್ಯಾಂಕ್ ಅಧಿಕಾರಿಗಳ ಪಿಒ ಪರೀಕ್ಷೆಗೂ ಹಾಗೇ. ಒಂದು ಜಿಲ್ಲೆ ನಡೆಸುವವರಿಗೆ ಬೇಡದ ಹತ್ತನೇ ಕ್ಲಾಸಿನ 60, ಎಕ್ಸೆಲ್ ಶೀಟ್ ತುಂಬುವವರಿಗೆ ಯಾಕೆ ಬೇಕು? ಇದಕ್ಕೆ ಇವತ್ತಿನವರೆಗೂ ಒಬ್ಬ ಎಚ್‌ಆರ್ ಕೂಡ ನನಗೆ ಸರಿಯಾದ ಕಾರಣ ಕೊಟ್ಟಿಲ್ಲ.

ಮಾಡಲು ಆಗದ ಕೆಲಸವೂ ಅಲ್ಲ ಇದು. ಝೋಹೊ ಅನ್ನುವ ಸಾಫ್ಟ್‌ವೇರ್ ಕಂಪನಿ ಸುಮಾರು 20 ವರ್ಷದಿಂದ ಪಿಯುಸಿ, ಡಿಪ್ಲೊಮಾ ಮುಗಿಸಿದ ಮಕ್ಕಳನ್ನು ಕರೆದು, ತಾನೇ ಸ್ಟೈಪೆಂಡ್ ಕೊಟ್ಟು ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದೆ. ತಮಿಳುನಾಡಿನ ತೆಂಕಾಶಿಯಂಥ ಕಡೆ ಆಫೀಸು ಮಾಡಿದೆ. 2015ರಲ್ಲಿ ಬ್ರಿಟನ್ನಿನಲ್ಲಿ ಅರ್ನ್ಸ್ಟ್ ಅಂಡ್ ಯಂಗ್ ಅನ್ನುವ ದೊಡ್ಡ ಲೆಕ್ಕಪರಿಶೋಧನೆ ಕಂಪನಿ, ಶಾಲೆ ಮತ್ತು ಡಿಗ್ರಿಯ ಕನಿಷ್ಠ ಅಂಕದ ನಿಯಮವನ್ನೇ ತೆಗೆದುಹಾಕಿ, ತನ್ನ ಪರೀಕ್ಷೆಯ ಮೇಲೆ ಜನರನ್ನು ಆರಿಸಲು ಹೊರಟಿತು. ಮನಸ್ಸು ಮಾಡಿದವರಿಗೆ ಆಗಿದೆ.

ಥ್ರೂಔಟ್ ದಾಟಿದವರ ಕಥೆಯನ್ನೂ ಹೇಳುತ್ತೇನೆ. ಇಂಟರ್‌ವ್ಯೂ ಕೋಣೆಗೆ ಹೋದರೆ 'ಫ್ಯಾಮಿಲಿ ಬ್ಯಾಗ್ರೌಂಡ್ ಹೇಳಿ' ಅನ್ನುತ್ತಾರೆ. ಅಪ್ಪ ಕೂಲಿ ಅಂತ ಹೇಳುವಾಗ ನಮ್ಮ ಮಕ್ಕಳ ದನಿ ಸಣ್ಣಗಾಗುವುದನ್ನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ಕೆಲಸಕ್ಕೂ ಆ ಪ್ರಶ್ನೆಗೂ ಏನು ಸಂಬಂಧ? ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯಲ್ಲಿ ಬಂದ ಖಾಸಗಿ ಕೆಲಸಗಳ ಜಾಹೀರಾತಿಗೆ, ಒಂದೇ ಥರದ ಓದಿನ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ಮೇಲ್ಜಾತಿ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆಗೆ ಹೋಲಿಸಿದರೆ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಮುಖ ನೋಡಿಲ್ಲ, ಮಾತು ಕೇಳಿಲ್ಲ. ಬರೀ ಹೆಸರು.

ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಇದೆಯಲ್ಲ ಅಂತ ಬೆಂಗಳೂರಿನ ಒಬ್ಬ ಸ್ನೇಹಿತ ಪ್ರತಿ ಸಲ ಹೇಳುತ್ತಾನೆ. ಇದೆ, ಸರ್ಕಾರಿ ಕೆಲಸಕ್ಕೆ. ಅದರಿಂದ ನೂರಾರು ಮನೆಗಳಿಗೆ ಬೆಳಕು ಬಂದಿದೆ. ಆದರೆ ಖಾಸಗಿ ಕಂಪನಿಯ ಆ ಕೆಂಪು ಚೌಕಕ್ಕೆ 371ಜೆ ಗೊತ್ತಿಲ್ಲ.

ಇನ್ನು ಒಂದು ಮಾತು ಒಪ್ಪಿಕೊಳ್ಳಲೇಬೇಕು. ಇದನ್ನು ಬರೆಯುವುದು ಕಷ್ಟ. ಮೂರು ವರ್ಷದ ಹಿಂದಿನವರೆಗೆ ನಾನೂ ಇದನ್ನೇ ಮಾಡುತ್ತಿದ್ದೆ. ಕಂಪನಿಯಿಂದ ಫೋನ್ ಬಂದರೆ ಥ್ರೂಔಟ್ 60 ಇರುವವರ ಪಟ್ಟಿ ಮಾತ್ರ ಮಾಡಿ ಕಳಿಸುತ್ತಿದ್ದೆ. ಉಳಿದವರಿಗೆ ಕಂಪನಿ ಬಂದಿದ್ದೇ ಗೊತ್ತಾಗುತ್ತಿರಲಿಲ್ಲ. ಸುಮ್ನೆ ಕರೆದು ಬೇಜಾರು ಮಾಡಿಸುವುದು ಯಾಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ಸಲ ಒಬ್ಬ ಹುಡುಗ, ಪೋಲಿಯೋದಿಂದ ಕಾಲು ಕುಂಟಾದವನು, ಸಿವಿಯಲ್ಲಿ ಅದನ್ನು ಬರೆಯಲಾ ಬೇಡ್ವಾ ಅಂತ ಕೇಳಿದ. ಬೇಡ ಅಂದೆ. ಅವನ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದರ ನಿಯಮಗಳನ್ನು ಓದಿದ್ದು ಆಮೇಲೆ. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆ ಕೂಡ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು, ಅದಕ್ಕೊಬ್ಬ ಸಂಪರ್ಕ ಅಧಿಕಾರಿಯನ್ನು ಇಡಬೇಕು. ಇದು ಮೊದಲೇ ಗೊತ್ತಿದ್ದರೆ ಆ ಹುಡುಗನಿಗೆ ಮುಚ್ಚಿಡು ಅಂತ ಹೇಳುತ್ತಿರಲಿಲ್ಲ. ಆ ಅಧಿಕಾರಿ ಯಾರು ಅಂತ ಕೇಳು ಅನ್ನುತ್ತಿದ್ದೆ.

ಈಗ ನಾನು ಮಾಡುವುದು ಇಷ್ಟು. ಬ್ಯಾನರ್ ನೋಡುವುದು ಬಿಟ್ಟಿದ್ದೇನೆ ಅಂದುಕೊಂಡಿದ್ದೆ, ಶನಿವಾರ ಮತ್ತೆ ನೋಡಿ ಮೋಸಹೋದೆ. ಇನ್ನು ಮೇಲೆ ಮೊದಲು ಫಾರ್ಮ್ ಕಳಿಸಿ ಅಂತ ಕೇಳುತ್ತೇನೆ. ಕಳೆದ ವರ್ಷ ನಮ್ಮಂಥ ಕಾಲೇಜಿನಿಂದ ಎಷ್ಟು ಜನರನ್ನು ತೆಗೆದುಕೊಂಡಿರಿ, ಅವರಲ್ಲಿ ಎಷ್ಟು ಜನ ಈಗಲೂ ಇದ್ದಾರೆ ಅಂತ ಕೇಳುತ್ತೇನೆ. ವಿಕಲಚೇತನ ಮಕ್ಕಳಿಗೆ ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳ ವಿಳಾಸ ಕೊಡುತ್ತೇನೆ. ಇವರು ತರಬೇತಿ ಕೊಟ್ಟು, ಕೆಲಸ ಹುಡುಕಲು ಜೊತೆಗೆ ನಿಲ್ಲುತ್ತಾರೆ. ಡಿಗ್ರಿ ಮುಗಿಸಿದವರಿಗೂ ಅಪ್ರೆಂಟಿಸ್ ತರಬೇತಿ ಇದೆ, ಸ್ಟೈಪೆಂಡಿನಲ್ಲಿ ಕೇಂದ್ರ ಸರ್ಕಾರದ ಪಾಲೂ ಇದೆ ಅಂತ ಫೈನಲ್ ಇಯರಿನ ಮೊದಲ ದಿನವೇ ಹೇಳುತ್ತೇನೆ. ಎಷ್ಟೋ ಮಕ್ಕಳು ಅಪ್ರೆಂಟಿಸ್ ಅಂದರೆ ಐಟಿಐ ಓದಿದವರಿಗೆ ಮಾತ್ರ ಅಂದುಕೊಂಡಿರುತ್ತಾರೆ.

ಇಷ್ಟೂ ಸಾಲದು. ಕೆಲಸ ಸಿಕ್ಕಿದ ಮೇಲೂ ಬೆಂಗಳೂರಿನ ಪಿಜಿಗೆ ಅಡ್ವಾನ್ಸ್ ಕೊಡಬೇಕು, ಮೊದಲ ಸಂಬಳ ಬರುವ ತನಕ ಊಟ ಆಗಬೇಕು. ಆ ಒಂದು ತಿಂಗಳ ದುಡ್ಡಿಲ್ಲದೆ ಆಫರ್ ಲೆಟರ್ ಮನೆಯಲ್ಲೇ ಇಟ್ಟುಕೊಂಡವರು ನಮ್ಮಲ್ಲಿ ಇಬ್ಬರಿದ್ದಾರೆ. ಇಬ್ಬರೂ ಹುಡುಗಿಯರು.

ನನ್ನ ಲಿಸ್ಟಿನಲ್ಲಿರುವ ನಿಮ್ಮಲ್ಲಿ ಕಮ್ಮಿ ಅಂದರೂ ಐವತ್ತು ಜನ ಬೆಂಗಳೂರಿನ ಕಂಪನಿಗಳಲ್ಲಿದ್ದೀರಿ. ಹಲವರು ನಮ್ಮ ಕಡೆಯ ಸರ್ಕಾರಿ ಶಾಲೆಯಿಂದಲೇ ಹೋದವರು. ನಾಳೆ ಆಫೀಸಿಗೆ ಹೋದಾಗ ನಿಮ್ಮ ಕಂಪನಿಯ ಅರ್ಜಿ ಫಾರ್ಮ್ ತೆಗೆದು, ನಿಮ್ಮದೇ ಎಸ್ಸೆಸ್ಸೆಲ್ಸಿ ಅಂಕ ಹಾಕಿ ನೋಡಿ. ಚೌಕ ಕೆಂಪಾದರೆ ಎಚ್‌ಆರ್ ಹತ್ತಿರ ಹೋಗಿ ಮಾತಾಡಿ. ಆಗದಿದ್ದರೆ ನನಗೆ ಇನ್‌ಬಾಕ್ಸಿನಲ್ಲಿ ಬರೆಯಿರಿ, ಮುಂದಿನ ವರ್ಷ ಮಕ್ಕಳನ್ನು ಆ ಟೇಬಲ್ಲಿಗೆ ಕಳಿಸುವುದಿಲ್ಲ. ಕೆಂಪಾಗದಿದ್ದರೆ ಇವತ್ತೇ ಬರೆಯಿರಿ. ಅವಳ ಸಿವಿ ನನ್ನ ಹತ್ತಿರ ಇದೆ. ಸಂಜೆ ಆರರ ಮೇಲೆ ಫೋನ್ ಮಾಡಿದರೆ ಮಾತ್ರ ಅವಳು ಎತ್ತುವುದಿಲ್ಲ. ಆಗ ಊರಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುತ್ತಾಳೆ.